ಮಸಿ ಆರುವ ಹೊತ್ತು

(ತುಮಕೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಒಬ್ಬ ಹುಡುಗ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಕೇಳಿಸಿಕೊಂಡು ನಾನೇ ಬರೆದಿದ್ದೇನೆ. ಕೆಮ್ಮಿದ್ದು, ನೀರು ಕುಡಿದದ್ದು, ಎರಡು ಸಲ ಮೈಕ್ ಕೈಕೊಟ್ಟದ್ದು ಇದರಲ್ಲಿಲ್ಲ. ಅಂದು ಮರೆತ ಒಂದೆರಡು ಮಾತುಗಳನ್ನು ಸೇರಿಸಿದ್ದೇನೆ.)

ನಿಮ್ಮ ಮೇಷ್ಟ್ರು ನನ್ನನ್ನು ಉದ್ಯಮಿ ಎಂದು ಪರಿಚಯಿಸಿದಾಗ ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದರೇನೋ ಎಂದು. ನನ್ನದು ಮಂಡಿಪೇಟೆಯ ಹಿಂದಿನ ಓಣಿಯಲ್ಲಿರುವ ಒಂದು ಪುಟ್ಟ ಮುದ್ರಣಾಲಯ. ಹತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಒಂದು ಆಫ್‌ಸೆಟ್ ಯಂತ್ರ, ಕಾಗದ ಕತ್ತರಿಸುವ ಯಂತ್ರ, ಎರಡು ಕಂಪ್ಯೂಟರ್, ಮೂಲೆಯಲ್ಲಿ ನನ್ನ ತಂದೆಯ ಕಾಲದ ಟ್ರೆಡಲ್ ಎಂಬ ಹಳೆಯ ಅಚ್ಚಿನ ಯಂತ್ರ. ಅದನ್ನು ಗುಜರಿಗೆ ಹಾಕಿಲ್ಲ. ಬಿಲ್ ಪುಸ್ತಕಕ್ಕೆ ಕ್ರಮಸಂಖ್ಯೆ ಹೊಡೆಯಲು, ಲಗ್ನಪತ್ರಿಕೆ ಮಡಿಸುವ ಕಡೆ ಗೆರೆ ಒತ್ತಲು ಅದರಷ್ಟು ನಂಬಿಕಸ್ಥ ಯಂತ್ರ ಇನ್ನೊಂದಿಲ್ಲ.

ನನ್ನ ದಿನಚರಿಯನ್ನೂ, ಕೆಲಸದ ನಡುವೆ ಹವ್ಯಾಸಕ್ಕೆ ಹೊತ್ತು ಹೇಗೆ ಹೊಂದಿಸುತ್ತೇನೆ ಎಂಬುದನ್ನೂ ಹೇಳಬೇಕೆಂದು ಮೇಷ್ಟ್ರು ಕೇಳಿದ್ದರು. ಒಂದು ವಾರ ಯೋಚಿಸಿದೆ. ಹೊಂದಿಸಿದ ನೆನಪೇ ಆಗಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದರೆ ಬದುಕು ಬದಲಾಗುತ್ತದೆ ಎನ್ನುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ನಾನು ಏಳುವುದು ಆರೂವರೆಗೆ. ಬದುಕು ಬದಲಾಗಿಲ್ಲ, ಆದರೆ ಮೂವತ್ತೊಂದು ವರ್ಷದಿಂದ ಪ್ರೆಸ್ಸಿನ ಬಾಗಿಲು ಮುಚ್ಚಿಯೂ ಇಲ್ಲ.

ಮೊದಲು ಮಸಿಯ ವಿಷಯ ಹೇಳುತ್ತೇನೆ, ಉಳಿದದ್ದೆಲ್ಲ ಅಲ್ಲಿಂದಲೇ ಹೊರಡುತ್ತದೆ. ಆಫ್‌ಸೆಟ್ ಮಸಿ ಬಟ್ಟೆಯ ನೀರು ಆರಿದಂತೆ ಆರುವುದಿಲ್ಲ. ಅದರೊಳಗೆ ಎಣ್ಣೆ ಇರುತ್ತದೆ. ಆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗಬೇಕು. ಒರಟು ಕಾಗದವಾದರೆ ಸ್ವಲ್ಪ ಹೀರಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಲಗ್ನಪತ್ರಿಕೆಯ ನುಣುಪು ಕಾಗದವಾದರೆ ಗಂಟೆಗಟ್ಟಲೆ ಬೇಕು, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಬೇಕು. ಅವಸರಪಟ್ಟು ಹಿಂಬದಿ ಹೊಡೆದರೆ ಕೆಳಗಿನ ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟಿ, ವರನ ತಂದೆಯ ಹೆಸರು ಗಣಪತಿಯ ಸೊಂಡಿಲಿನ ಮೇಲೆ ಮೂಡುತ್ತದೆ. ಹಾಗಾಗಿ ನಮ್ಮ ಕಸುಬಿನಲ್ಲಿ ಕಾಯುವುದೂ ಒಂದು ಕೆಲಸ. ಗಿರಾಕಿ ಬಂದು "ಏನ್ರೀ, ಸುಮ್ಮನೆ ಕೂತಿದ್ದೀರಿ?" ಎಂದು ಕೇಳಿದರೆ "ಮಸಿ ಆರುತ್ತಿದೆ" ಎನ್ನುತ್ತೇನೆ. ನಾನು ಓದಿದ್ದು, ಹಾಡು ಕಲಿತದ್ದು, ಜಗಳ ಆಡಿದ್ದು ಎಲ್ಲವೂ ಈ ಹೊತ್ತಿನಲ್ಲೇ.

ಆಮೇಲೆ ಅನ್ನಿಸಿತು, ಇದು ನನ್ನೊಬ್ಬನ ಕಥೆ ಇರಲಾರದು ಎಂದು. ನಮ್ಮ ಜಿಲ್ಲೆಯ ಅಂಗಡಿಯವರ ಹುಚ್ಚುಗಳನ್ನು ಪ್ರೆಸ್ಸಿನವರು ಬಲ್ಲಷ್ಟು ಬೇರೆ ಯಾರೂ ಬಲ್ಲರೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ನಾಟಕದ ಕರಪತ್ರ.

ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಕಾಲ ಶುರುವಾದರೆ ತುಮಕೂರು ಜಿಲ್ಲೆಯಲ್ಲಿ ಪೌರಾಣಿಕ ನಾಟಕಗಳ ಕಾಲವೂ ಶುರುವಾಯಿತೆಂದೇ ಅರ್ಥ. ಹಳ್ಳಿಯ ದೇವಸ್ಥಾನದ ಮುಂದೆ ಸೀನರಿ ಕಟ್ಟಿ ರಾತ್ರಿಯಿಡೀ ಕುರುಕ್ಷೇತ್ರ. ಊರಿನಲ್ಲಾದರೆ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ. ಇದರಲ್ಲಿ ಪಾತ್ರ ಮಾಡುವವನಿಗೆ ಸಂಬಳ ಇಲ್ಲ, ಅವನೇ ಹಣ ಕಟ್ಟಬೇಕು. ದುರ್ಯೋಧನ ದುಬಾರಿ, ಕೃಷ್ಣ ದುಬಾರಿ, ಭೀಮನೂ ಕಡಿಮೆಯೇನಲ್ಲ. ಸಾತ್ಯಕಿ ಅಗ್ಗ. ಬೇಡಿಕೆ ಹೆಚ್ಚಿದರೆ ಪಾತ್ರವನ್ನೇ ಭಾಗ ಮಾಡುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ. ಸಂಧಾನಕ್ಕೆ ಹೋಗುವ ಕೃಷ್ಣ ಒಬ್ಬ, ಗೀತೆ ಹೇಳುವ ಕೃಷ್ಣ ಇನ್ನೊಬ್ಬ. ವಾಣಿಜ್ಯ ಓದುವವರು ನೀವು, ಬೇಡಿಕೆ ಮತ್ತು ಪೂರೈಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮ್ಮ ಪುಸ್ತಕದಲ್ಲಿದ್ದರೆ ನನಗೂ ತೋರಿಸಿ.

ಕಟ್ಟಿದ ಹಣಕ್ಕೆ ಬರುವ ಮೊದಲ ರಸೀದಿಯೇ ಕರಪತ್ರ. ಪ್ರತಿಯೊಬ್ಬನ ಫೋಟೊ, ಹೆಸರು, ಅದರ ಕೆಳಗೆ ಪಾತ್ರ. ಹಾರ್ಡ್‌ವೇರ್ ಅಂಗಡಿಯವರು, ಹಾಲಿನ ಡೈರಿಯವರು, ಗಾರೆ ಮೇಸ್ತ್ರಿ, ಔಷಧಿ ಅಂಗಡಿಯವರು, ಸೀಟು ಹೊಲಿಯುವವರು, ಎಲ್ಲರೂ ನನ್ನ ಮುಂದೆ ಬಂದು ಫೋಟೊ ಕೊಟ್ಟಿದ್ದಾರೆ. ಅಂಗಡಿಯಲ್ಲಿ ನಾಲ್ಕಾಣೆಗೆ ಚೌಕಾಸಿ ಮಾಡುವ ಮನುಷ್ಯ ಇಲ್ಲಿ "ಫೋಟೊ ಸ್ವಲ್ಪ ದೊಡ್ಡದಾಗಿ ಬರಲಿ, ಎಷ್ಟಾದರೂ ಆಗಲಿ" ಎನ್ನುತ್ತಾನೆ.

ಒಂದು ಸಲ ಎರಡು ಫೋಟೊ ಅದಲುಬದಲಾದವು. ತಪ್ಪು ನನ್ನದೇ. ಎರಡನೇ ದುರ್ಯೋಧನನ ಫೋಟೊ ಶಕುನಿಯ ಜಾಗಕ್ಕೆ, ಶಕುನಿಯ ಫೋಟೊ ದುರ್ಯೋಧನನ ಜಾಗಕ್ಕೆ. ಸಾವಿರ ಪ್ರತಿ ಹೊಡೆದು, ಕಟ್ಟು ಕಟ್ಟಿ ಕಳಿಸಿ, ಅರ್ಧ ಹಂಚಿಯೂ ಆಗಿತ್ತು. ದುರ್ಯೋಧನ ಬಂದ. ಸಿಮೆಂಟು, ಕಬ್ಬಿಣದ ವ್ಯಾಪಾರ ಅವನದು, ಧ್ವನಿಯೂ ಹಾಗೆಯೇ. "ಸ್ವಾಮಿ, ಈ ಕಾಗದ ನನ್ನ ಹೆಂಡತಿಯ ತವರಿಗೆ ಹೋಗಿದೆ. ಮಾವನ ಮನೆಯಲ್ಲಿ ನಾನು ಶಕುನಿಯಾಗಿ ಕೂತಿದ್ದೇನೆ" ಎಂದ. ನಾನು ನಗಬಾರದಿತ್ತು. ಮತ್ತೆ ಸಾವಿರ ಪ್ರತಿ ನನ್ನ ಖರ್ಚಿನಲ್ಲಿ ಹೊಡೆದುಕೊಟ್ಟೆ. ಅದೇ ಸಂಜೆ ಇನ್ನೊಬ್ಬರು ಬಂದರು. ತೆಳ್ಳಗೆ, ಮೆತ್ತಗೆ ಮಾತಾಡುವವರು. "ಹಳೆಯ ಕರಪತ್ರ ಉಳಿದಿದ್ದರೆ ಐವತ್ತು ಕೊಡಿ, ದುಡ್ಡು ಕೊಡುತ್ತೇನೆ. ಜನ್ಮದಲ್ಲಿ ಇನ್ನೊಂದು ಸಲ ದುರ್ಯೋಧನ ಆಗುವ ಯೋಗ ನನಗಿಲ್ಲ" ಎಂದರು. ಅವರೇ ಶಕುನಿ. ಕ್ಯಾತ್ಸಂದ್ರದ ಕಡೆ ತಟ್ಟೆ ಇಡ್ಲಿ ಹೋಟೆಲು ನಡೆಸುತ್ತಾರೆ. ಅಂದಿನಿಂದ ನನ್ನ ಸ್ನೇಹಿತರು.

ಅವರ ದಿನಚರಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಯಾವ ವಿಡಿಯೊ ನೋಡಿಯೂ ಅಲ್ಲ. ಬಿಸಿಲುಕಾಲದಲ್ಲಿ ಹಿಟ್ಟು ಉಕ್ಕಿ ಹುಳಿಯಾಗುವ ಮೊದಲು ತಟ್ಟೆಗೆ ಬೀಳಬೇಕು. ಚಳಿಗಾಲದಲ್ಲಿ ಅದೇ ಹಿಟ್ಟು ಸುಮ್ಮನೆ ಮಲಗಿರುತ್ತದೆ, ಒಲೆಯ ಹತ್ತಿರ ಇಟ್ಟು, ಗೋಣಿ ಹೊದಿಸಿ ಎಬ್ಬಿಸಬೇಕು. ಅಕ್ಕಿ, ಉದ್ದು, ಒಂದಿಷ್ಟು ಅವಲಕ್ಕಿ. ಅಳತೆ ಕೇಳಿದರೆ ಕೈ ತೋರಿಸುತ್ತಾರೆ. ಐದಕ್ಕೆ ಮೊದಲ ಒಬ್ಬೆ. ಹನ್ನೊಂದಕ್ಕೆ ಇಡ್ಲಿ ಖಾಲಿ. ಪಾತ್ರೆ ತೊಳೆದು, ನಾಳೆಯ ಅಕ್ಕಿ ನೆನೆಸಿ, ಮಂಡಿಪೇಟೆಗೆ ಬಂದು ಸಾಮಾನು ಕೊಂಡು, ಒಂದರಿಂದ ನಾಲ್ಕರವರೆಗೆ ನಿದ್ದೆ. ಸಂಜೆ ರುಬ್ಬುವುದು. ಎಂಟರಿಂದ ಹತ್ತೂವರೆಯವರೆಗೆ ತಾಲೀಮು. ಲೆಕ್ಕ ಹಾಕಿ ನೋಡಿ, ರಾತ್ರಿ ಹೆಚ್ಚೆಂದರೆ ಐದು ತಾಸು ನಿದ್ದೆ, ಮಧ್ಯಾಹ್ನ ಮೂರು ತಾಸು. ಎರಡು ಕಂತಿನಲ್ಲಿ ಸಾಲ ತೀರಿಸಿದ ಹಾಗೆ.

ಮಾತು ಬಾಯಿಪಾಠ ಮಾಡುವುದು ಯಾವಾಗ ಎಂದು ಕೇಳಿದೆ. ಒಬ್ಬೆ ಬೇಯುವಾಗ ಎಂದರು. ತಟ್ಟೆಗಳನ್ನು ಹಬೆಯೊಳಗೆ ಇಳಿಸಿ ಮುಚ್ಚಳ ಹಾಕಿದ ಮೇಲೆ ತೆರೆದು ನೋಡುವ ಹಾಗಿಲ್ಲ, ನೋಡಿದರೆ ಇಡ್ಲಿ ಕೂರುತ್ತದೆ. ಆ ಹತ್ತು ಹನ್ನೆರಡು ನಿಮಿಷ ಶಕುನಿಯದು. ಈಗ ಅವರು ಗಡಿಯಾರವನ್ನೇ ನೋಡುವುದಿಲ್ಲ. ಪಗಡೆಯ ಪದ್ಯವನ್ನು ಆಲಾಪ ಸಮೇತ ಎರಡು ಸಲ ಹಾಡಿ ಮುಗಿಸಿದರೆ ಇಡ್ಲಿ ಬೆಂದಿದೆ. ಒಂದು ದಿನ ಉತ್ಸಾಹದಲ್ಲಿ ಮೂರನೇ ಸಲ ಹಾಡಿದರಂತೆ. ಅಂದು ಇಡ್ಲಿ ಗಟ್ಟಿಯಾಗಿತ್ತೆಂದು ಲಾರಿ ಚಾಲಕರೊಬ್ಬರು ದೂರಿದರು.

ಇನ್ನೊಬ್ಬರಿದ್ದಾರೆ, ನಾಟಕದ ಮೇಷ್ಟ್ರು. ಕಾಲು ಹಾರ್ಮೋನಿಯಂ ನುಡಿಸುತ್ತ ಪಾತ್ರಧಾರಿಗಳಿಗೆ ಕಂದ, ವೃತ್ತ ಎಂಬ ಪದ್ಯಗಳನ್ನು ಹೇಳಿಕೊಡುವವರು. ತಿಪಟೂರು ಕಡೆಯವರು, ಒಂದಿಷ್ಟು ತೆಂಗಿನ ತೋಟ ಇದೆ, ಉಂಡೆ ಕೊಬ್ಬರಿ ಮಾಡುತ್ತಾರೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡಬೇಕು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಡಗಡ ಎನ್ನಬೇಕು. ಆಗ ಸುಲಿದು ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಅವಸರ ಮಾಡಿದರೆ ಮಾರುಕಟ್ಟೆಯಲ್ಲಿ ಕಪ್ಪು ಬೂಷ್ಟು ಹಿಡಿದ ಕೊಬ್ಬರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಮೇಷ್ಟ್ರು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದನ್ನು ನಾನು ನೋಡಿದ್ದೇನೆ. ಶ್ರುತಿ ತಪ್ಪಿದ ರೀಡನ್ನು ಹುಡುಕುವಾಗಲೂ ಮುಖ ಹೀಗೆಯೇ ಓರೆಯಾಗುತ್ತದೆ. ತಾಲೀಮಿನಲ್ಲಿ ಯಾರಾದರೂ ಅವಸರದಿಂದ ಪದ್ಯ ಎತ್ತಿಕೊಂಡರೆ ಹಾರ್ಮೋನಿಯಂ ನಿಲ್ಲಿಸಿ, "ಇದರಲ್ಲಿ ಇನ್ನೂ ನೀರಿದೆ, ಅಟ್ಟಕ್ಕೆ ಹಾಕಿ" ಎನ್ನುತ್ತಾರೆ.

ನಾಟಕದ ಹೆಣ್ಣು ಪಾತ್ರಗಳ ಲೆಕ್ಕ ತಿರುಗುಮುರುಗು. ಗಂಡಸರು ಹಣ ಕೊಟ್ಟು ರಾಜರಾಗುತ್ತಾರೆ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಬರುವ ಕಲಾವಿದೆಯರು ಹಣ ಪಡೆದು ರಾಣಿಯರಾಗುತ್ತಾರೆ. ಒಂದೇ ರಂಗದ ಮೇಲೆ ಒಬ್ಬರಿಗೆ ಅದು ಹುಚ್ಚು, ಇನ್ನೊಬ್ಬರಿಗೆ ಮನೆ ಬಾಡಿಗೆ. ಹಾಗೆ ದ್ರೌಪದಿ ಮಾಡುವ ಒಬ್ಬ ತಾಯಿ ನಮ್ಮ ಪ್ರೆಸ್ಸಿಗೆ ಬರುತ್ತಾರೆ. ರಾತ್ರಿಯಿಡೀ ಶಿರಾ ಸೀಮೆಯ ಯಾವುದೋ ಹಳ್ಳಿಯಲ್ಲಿ ಸೆರಗು ಎಳೆಸಿಕೊಂಡು, ಬೆಳಗಿನ ಮೊದಲ ಬಸ್ಸಿಗೆ ಬಟ್ಟೆಯ ಟ್ರಂಕು ಹತ್ತಿಸಿ ತುಮಕೂರಿಗೆ ಇಳಿದು, ಮನೆಗೆ ಹೋಗಿ ಮಗಳಿಗೆ ಬುತ್ತಿ ಕಟ್ಟಿ, ಮಲಗಿ, ಮಧ್ಯಾಹ್ನ ಎದ್ದು ರವಿಕೆ ಹೊಲಿಯುತ್ತಾರೆ. ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ರಾತ್ರಿ ಹೀಗೆ.

ನಿಮಗೆ ಇಷ್ಟವಾದದ್ದು ಏನಮ್ಮಾ ಎಂದು ಒಮ್ಮೆ ಕೇಳಿದ್ದೆ. ಅಭಿನಯ ಎನ್ನುತ್ತಾರೆಂದು ಕಾದೆ. "ಪದಬಂಧ ಅಣ್ಣಾ" ಎಂದರು. ಪತ್ರಿಕೆಯ ಪದಬಂಧ. ಬೆಳಗಿನ ಬಸ್ಸಿನಲ್ಲಿ ಬಣ್ಣ ಪೂರ್ತಿ ಹೋಗದ ಮುಖದಲ್ಲಿ ಕೂತು ಚೌಕ ತುಂಬುತ್ತಾರೆ. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದರೆ ಊರು ತಲುಪಿದ ಮೇಲೆ ತಿದ್ದುತ್ತಾರೆ. ಅವರ ಕಣ್ಣಿಗೆ ಹೆದರಿ ನಾನು ಕರಪತ್ರದ ಕರಡನ್ನು ಮೊದಲು ಅವರಿಗೇ ತೋರಿಸುತ್ತೇನೆ. "ಅಣ್ಣಾ, ದುಶ್ಶಾಸನನಿಗೆ ಒಂದು ಒತ್ತು ಕಡಿಮೆ ಕೊಟ್ಟಿದ್ದೀರಿ. ಅವನು ಮಾಡಿದ್ದಕ್ಕೆ ಅದು ಸರಿಯೇ, ಆದರೆ ದುಡ್ಡು ಕಟ್ಟಿದವರು ಬಿಡುತ್ತಾರೆಯೇ?" ಎಂದು ಕೇಳಿದ ಹೆಂಗಸು ಅವರು.

ಇಲ್ಲಿ ಕುಳಿತಿರುವ ಎಷ್ಟು ಮಂದಿಗೆ ರಂಗನಟ ಗುಬ್ಬಿ ವೀರಣ್ಣನವರು ವ್ಯಾಪಾರಿಯೂ ಆಗಿದ್ದರೆಂಬುದು ಗೊತ್ತೋ ಕಾಣೆ. ಗುಬ್ಬಿಯಲ್ಲಿ ಅವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ವೀರಣ್ಣ ಹುಟ್ಟುವ ಮೊದಲೇ. ಅವರು ಚಿಕ್ಕ ಹುಡುಗನಾಗಿ ಸೇರಿ, ಮುಂದೆ ಅದರ ಮಾಲೀಕರೇ ಆದರು. ಊರೂರಿಗೆ ಮೊಕ್ಕಾಂ ಬದಲಿಸುವ, ನಟರು, ವಾದ್ಯದವರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರ ಹೊಟ್ಟೆ ನೋಡಿಕೊಳ್ಳುವ ವ್ಯವಹಾರ ಅದು. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಆನೆಯ ಮೇವಿನ ಖರ್ಚನ್ನು ಯಾವ ಖಾತೆಗೆ ಬರೆಯುತ್ತಿದ್ದರೋ! ಇಷ್ಟೆಲ್ಲ ಜವಾಬ್ದಾರಿ ಹೊತ್ತ ಯಜಮಾನ ಜನರ ಮನಸ್ಸಿನಲ್ಲಿ ಉಳಿದದ್ದು ಸದಾರಮೆ ನಾಟಕದ ಕಳ್ಳನಾಗಿ. ಟಿಕೆಟ್ಟಿನ ಗಲ್ಲಾ ಯಾರದೋ ಅವನೇ ರಂಗದ ಮೇಲೆ ಕಳ್ಳ. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟುವುದು ಇಲ್ಲೇ. ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ್ದ ಹುಡುಗ, ಮುಂದೆ ಹೆಸರಾಂತ ರಂಗನಿರ್ದೇಶಕರಾದ ಬಿ.ವಿ. ಕಾರಂತರನ್ನು ಓದಲಿ ಎಂದು ಕಾಶಿಗೆ ಕಳಿಸಿದವರೂ ಅವರೇ. ಕಂಪನಿಗೆ ಅದರಿಂದ ಏನು ಲಾಭ ಎಂದು ಲೆಕ್ಕ ಹಾಕಿದ್ದರೆ ಕಳಿಸುತ್ತಿರಲಿಲ್ಲ.

ಎಲ್ಲರ ಲೆಕ್ಕವೂ ಹೀಗೆ ಚೆನ್ನಾಗಿ ಮುಗಿಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದ ತಾತಯ್ಯನವರ ಕಥೆ ಕೇಳಿರುತ್ತೀರಿ. ಬಳೆಯ ವ್ಯಾಪಾರಿ. ಬಳೆಗಳ ಮಲಾರ ಹೊತ್ತು ಊರೂರು ತಿರುಗುತ್ತ, ಬಳೆ ತೊಡಿಸಿ ಹಣ ಕೇಳುವುದನ್ನೇ ಮರೆತು ಬರಿಗೈಯಲ್ಲಿ ಮನೆಗೆ ಬರುತ್ತಿದ್ದರಂತೆ, ಹೆಂಡತಿ ಬೈಯುತ್ತಿದ್ದರಂತೆ. ಗುರು ಬಾಯಿಗೆ ಬೆಣಚುಕಲ್ಲು ಕೊಟ್ಟು, ಅದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡು ಎಂದರಂತೆ. ಮುಂದೆ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ದೊಡ್ಡ ಯೋಗಿಯಾದರು. ಭಕ್ತಿಯಿಂದ ಕೈಮುಗಿಯುತ್ತೇನೆ. ಆದರೂ ಅಂಗಡಿ ನಡೆಸುವವನಾಗಿ ನನಗೆ ಆ ಮನೆಯಾಕೆಯ ಕಡೆಯ ಲೆಕ್ಕವನ್ನೂ ಕೇಳುವ ಆಸೆ. ಸಾಲಕ್ಕೆ ತಂದ ಬಳೆಯ ದುಡ್ಡನ್ನು ಆಕೆ ಹೇಗೆ ತೀರಿಸಿದಳು?

ನಮ್ಮ ಶಕುನಿಯ ಹೆಂಡತಿಯೂ ಬೈಯುತ್ತಾರೆ. ನಾಟಕದ ಮರುದಿನ ಹೋಟೆಲು ಮುಚ್ಚಿರುತ್ತದೆ, ಹತ್ತು ವರ್ಷದ ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾನೆ, ಕೆಲವರು ಅಲ್ಲೇ ಉಳಿಯುತ್ತಾರೆ. ಅದು ನಷ್ಟವೇ. ಹುಚ್ಚನ್ನು ಹಿಂಬಾಲಿಸಿ, ಹಣ ತಾನಾಗಿ ಬರುತ್ತದೆ ಎನ್ನುವವರ ಮಾತನ್ನು ನಂಬಬೇಡಿ. ನಾನು ಕಂಡಂತೆ ಹಣ ಇಡ್ಲಿಯಿಂದ ಬಂದು ಶಕುನಿಗೆ ಹೋಗುತ್ತದೆ. ಆ ದಾರಿಯಲ್ಲಿ ಅದು ಹಿಂದಿರುಗಿದ್ದನ್ನು ನಾನು ನೋಡಿಲ್ಲ.

ಕಾಯುವ ಹೊತ್ತು ದಿನಕ್ಕೆ ಮಾತ್ರವಲ್ಲ, ವರ್ಷಕ್ಕೂ ಇದೆ. ಆಷಾಢದಲ್ಲಿ ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ. ನಾಟಕವೂ ಇಲ್ಲ. ಪ್ರೆಸ್ಸಿನವರಿಗೆ ಅದು ನೊಣ ಹೊಡೆಯುವ ತಿಂಗಳು. 2017ರ ಆಷಾಢ ಮಾತ್ರ ಬೇರೆ. ಜುಲೈ 1ರಿಂದ ಜಿಎಸ್‌ಟಿ ಬಂತು. ಅಂಗಡಿ ಅಂಗಡಿಯ ಬಿಲ್ ಪುಸ್ತಕ ಒಂದೇ ದಿನ ರದ್ದಿಯಾಗಿ, ಹೊಸ ಸಂಖ್ಯೆ ಹಾಕಿದ್ದು ನಾಳೆಯೇ ಬೇಕು ಎಂದು ಎಲ್ಲರೂ ನಿಂತರು. ಟ್ರೆಡಲ್ ಹಗಲು ರಾತ್ರಿ ಓಡಿತು. ಆ ತಿಂಗಳು ನನ್ನ ಕೈಗೆ ಬಂದಷ್ಟು ಹಣ ಹಿಂದೆಂದೂ ಬಂದಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಬರೆಯಲಿಲ್ಲ. 2020ರಲ್ಲಿ ಅದರ ತದ್ವಿರುದ್ಧ. ಮದುವೆಗೆ ಐವತ್ತೇ ಜನ ಎಂದಾದಾಗ ಪತ್ರಿಕೆ ಯಾರಿಗೆ ಬೇಕು? ಎಲ್ಲವೂ ವಾಟ್ಸ್‌ಆ್ಯಪಿಗೆ ಹೋಯಿತು, ಅರ್ಧ ಮತ್ತೆ ಬರಲೇ ಇಲ್ಲ. ಕಾಯಲು ಬೇಕಾದಷ್ಟು ಹೊತ್ತಿತ್ತು, ಆದರೆ ಮಸಿಯೇ ಇರಲಿಲ್ಲ. ಅಂಥ ಬಿಡುವಿನಲ್ಲಿ ಯಾವ ಹವ್ಯಾಸವೂ ನನಗೆ ಕೈಗೂಡಲಿಲ್ಲ.

ನೋಟ್‌ಬುಕ್ ಎಂದೆನಲ್ಲ, ಅದು ನನ್ನ ಹುಚ್ಚು. ಅಚ್ಚಿನ ತಪ್ಪಿಗೆ ನಮ್ಮವರು ಮುದ್ರಾರಾಕ್ಷಸನ ಹಾವಳಿ ಎನ್ನುತ್ತಾರೆ. ಆ ರಾಕ್ಷಸನ ಲೀಲೆಗಳನ್ನು ನಾನು ಬರೆದಿಡುತ್ತೇನೆ. ನನ್ನ ತಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಶುರುವಾದದ್ದು. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ನಾನು ಶಾಲೆಗೆ ಹೋಗುವ ಮೊದಲೇ ಅಕ್ಷರಗಳನ್ನು ತಿರುಗಿಸಿ ಕಲಿತೆ. ಶಾಲೆಯಲ್ಲಿ ಅದಕ್ಕೆ ಏಟು ತಿಂದೆ. ಈಗ ಆರು ನೋಟ್‌ಬುಕ್ ಆಗಿವೆ. "ಮುಹೂರ್ತದ ನಂತರ ಭೋಜನ" ಎಂಬುದು "ಮುಹೂರ್ತದ ನಂತರ ಭಜನೆ" ಆದದ್ದು ಮೊದಲ ಪುಟದಲ್ಲಿದೆ. ಅಂದು ನೆಂಟರು ಊಟ ಸಿಗುವುದೋ ಇಲ್ಲವೋ ಎಂದು ಮನೆಯಲ್ಲೇ ತಿಂದು ಬಂದಿದ್ದರಂತೆ. "ಮಮತೆಯ ಕರೆಯೋಲೆ" ಕೆರೆಯೋಲೆಯಾಗಿದೆ. ಒಬ್ಬರ "ಸುಪುತ್ರ" ಕುಪುತ್ರನಾದಾಗ ಅವರ ತಂದೆ ಬಂದು, "ಇರಲಿ ಬಿಡಿ, ನಿಜವನ್ನೇ ಹಾಕಿದ್ದೀರಿ" ಎಂದರು. ಅದು ಪ್ರೆಸ್ಸಿನ ಇತಿಹಾಸದಲ್ಲಿ ಮರುಮುದ್ರಣ ಕೇಳದ ಏಕೈಕ ಗಿರಾಕಿ.

ಆ ಫೋಟೊ ಅದಲುಬದಲಾದ ವರ್ಷ ನನ್ನನ್ನೂ ನಾಟಕಕ್ಕೆ ಎಳೆದರು. ಸಾತ್ಯಕಿ ಮಾಡಬೇಕಿದ್ದವನು ಕೈಕೊಟ್ಟಿದ್ದ. ಮರುಮುದ್ರಣದ ದಂಡವನ್ನೂ ಕಟ್ಟಿದೆ, ಪಾತ್ರಕ್ಕೂ ಕಟ್ಟಿದೆ. ನಾಲ್ಕು ಮಾತು, ಒಂದು ಪದ್ಯ. ಒಂದು ಇಡೀ ಲಗ್ನಪತ್ರಿಕೆಯ ಮಸಿ ಆರುವಷ್ಟರಲ್ಲಿ ಬಾಯಿಪಾಠವಾಯಿತು. ರಂಗದ ಮೇಲೆ ಮೂರನೇ ಮಾತು ಮರೆತೆ. ಕೃಷ್ಣನೇ ನನ್ನ ಮಾತನ್ನೂ ಹೇಳಿ ಮುಗಿಸಿದ, ಎರಡನೇ ಕೃಷ್ಣ, ಒಳ್ಳೆಯವನು.

(ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆ ಕೇಳಬಹುದು ಎಂದರು.)

ಒಬ್ಬ ಹುಡುಗ ಎದ್ದು, "ಸರ್, ನಾಟಕ, ನೋಟ್‌ಬುಕ್ ಇಲ್ಲದಿದ್ದರೆ ನಿಮ್ಮ ಪ್ರೆಸ್ ಇನ್ನೂ ದೊಡ್ಡದಾಗುತ್ತಿತ್ತೇ?" ಎಂದು ಕೇಳಿದ. ಆಗುತ್ತಿತ್ತೇನೋ ಎಂದೆ. ನನ್ನ ಚಿಕ್ಕಪ್ಪನ ಮಗ ನನ್ನ ಜೊತೆಗೇ ಕಸುಬಿಗೆ ಇಳಿದವನು, ಈಗ ಬೆಂಗಳೂರಿನಲ್ಲಿ ನಾಲ್ಕು ಬಣ್ಣದ ಯಂತ್ರ ಇಟ್ಟಿದ್ದಾನೆ. ಅವನ ಮಸಿಗೆ ಪುಡಿ ಹೊಡೆದು ಒಂದರ ಮೇಲೊಂದು ಪೇರಿಸುತ್ತಾರೆ, ಕಾಯುವ ಗೋಜು ಕಡಿಮೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಹೇಳಿದರೆ ನೀವು ನಂಬಬಾರದು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ನನ್ನ ಅಮ್ಮನಿಗೆ ಹೂವಿನ ಅಂಗಡಿ ಇದೆ. ಮಧ್ಯಾಹ್ನ ವ್ಯಾಪಾರ ಇರುವುದಿಲ್ಲ. ಆಗ ಅವರು ಏನೂ ಮಾಡುವುದಿಲ್ಲ, ರಸ್ತೆ ನೋಡುತ್ತ ಸುಮ್ಮನೆ ಕೂರುತ್ತಾರೆ. ಏನು ಕಲಿಸಲಿ?" ಎಂದಳು.

"ಬೆಳಿಗ್ಗೆ ಎಷ್ಟಕ್ಕೆ ಮಾರುಕಟ್ಟೆಗೆ ಹೋಗುತ್ತಾರಮ್ಮಾ?"

"ನಾಲ್ಕಕ್ಕೆ."

"ಹಾಗಾದರೆ ಏನೂ ಕಲಿಸಬೇಡ. ಕೂರಲಿ ಬಿಡು" ಎಂದೆ.

ಇನ್ನೊಂದು ಪ್ರಶ್ನೆಗೆ ಕೈ ಎದ್ದಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ನಡುಗಿತು. ಪ್ರೆಸ್ಸಿನ ಹುಡುಗ. ಮುಂಬದಿಯ ಮಸಿ ಆರಿದೆ, ಹಿಂಬದಿ ಶುರು ಮಾಡಿದ್ದೇನೆ, ಆದರೆ ಒಂದು ಅನುಮಾನ ಎಂದ. "ಒಂದನೇ ಕೃಷ್ಣ ಅಂತ ಎರಡು ಕಡೆ ಇದೆ ಅಣ್ಣಾ. ಎರಡನೇ ಕೃಷ್ಣ ಎಲ್ಲೂ ಇಲ್ಲ. ಹೊಡೆಯಲೇ, ನಿಲ್ಲಿಸಲೇ?"

ನಿಲ್ಲಿಸು ಎಂದು ಸ್ವಲ್ಪ ಜೋರಾಗಿಯೇ ಕೂಗಿದೆನಂತೆ. ಮೈಕ್ ಇನ್ನೂ ಚಾಲೂ ಇತ್ತು.